ರಾಜೀನಾಮೆ ಕೊಟ್ಟರೆ ಲೆಕ್ಕ ತೀರಿತೇ?

ಕಳೆದ ಭಾನುವಾರ ನಮ್ಮ ಪಕ್ಷದ ಕಚೇರಿಯಲ್ಲಿ ನಡೆದ ಅಭ್ಯಾಸ ಕೂಟದಲ್ಲಿ ಗಿರಣಿಯ ಯುವಕನೊಬ್ಬ ಎದ್ದು ನಿಂತು ಒಂದು ಪ್ರಶ್ನೆ ಕೇಳಿದ. “ಮೇಷ್ಟ್ರೇ, ಒಬ್ಬ ಮುಖಂಡರಿಗೂ ಅವರ ಪಕ್ಷದ ನಾಯಕರಿಗೂ ಸರಿಬರಲಿಲ್ಲ ಅಂತ ಇಟ್ಟುಕೊಳ್ಳಿ. ಮುಖಂಡರು ‘ನನಗೆ ಈ ರಾಜಕೀಯವೇ ಬೇಡ’ ಎಂದು ಎಲ್ಲ ಬಿಟ್ಟು ಮನೆಗೆ ಹೋದರು. ಇದನ್ನು ತ್ಯಾಗ ಅನ್ನಬೇಕೋ, ಓಡಿಹೋಗುವುದು ಅನ್ನಬೇಕೋ?”

ಕೂಟದಲ್ಲಿದ್ದವರು ಕೂಡಲೇ ಎರಡು ಪಂಗಡವಾದರು. “ಕುರ್ಚಿ ಬಿಡುವವರು ಈ ಕಾಲದಲ್ಲಿ ಎಷ್ಟು ಜನ ಇದ್ದಾರೆ? ಬಿಟ್ಟವನು ದೊಡ್ಡವನೇ” ಎಂದರು ಕೆಲವರು. “ಜಗಳಕ್ಕೆ ಹೆದರಿ ಮನೆ ಸೇರಿದವನು ಎಂಥ ಮುಖಂಡ?” ಎಂದರು ಇನ್ನು ಕೆಲವರು. ಬಾಗಿಲ ಬಳಿ ಕುಳಿತಿದ್ದ ಕಿರಾಣಿ ಅಂಗಡಿಯ ಗೆಳೆಯರೊಬ್ಬರು ಮಾತ್ರ ನಿಧಾನವಾಗಿ ಹೇಳಿದರು: “ಪಾಲುಗಾರ ಅಂಗಡಿ ಬಿಟ್ಟು ಹೋಗುತ್ತೇನೆ ಅಂದರೆ ಬೇಡ ಅನ್ನೋದಕ್ಕೆ ಆಗುತ್ತದೆಯೇ? ಹೋಗಲಿ. ಆದರೆ ಖಾತೆ ಪುಸ್ತಕ ಮುಂದಿಟ್ಟು, ಯಾರಿಗೆ ಎಷ್ಟು ಬಾಕಿ ಅಂತ ತೋರಿಸಿ ಹೋಗಬೇಕು.”

ಆ ಪ್ರಶ್ನೆಗೆ ಸರಿಯಾದ ಉತ್ತರ ಈ ಮಾತಿನಲ್ಲೇ ಇದೆ ಎಂದು ನನ್ನ ಅಭಿಪ್ರಾಯ. ಆದರೆ ಬರೀ ಅಭಿಪ್ರಾಯ ಹೇಳಿದರೆ ಸಾಲದು, ಉದಾಹರಣೆ ಬೇಕು. ನಮ್ಮ ಸುತ್ತಮುತ್ತಲಿನ ಉದಾಹರಣೆ ತೆಗೆದುಕೊಂಡರೆ ಮಾತು ವ್ಯಕ್ತಿಗಳ ಮೇಲೆ ಹೋಗಿ ಜಗಳಕ್ಕೆ ನಿಲ್ಲುತ್ತದೆ. ಆದ್ದರಿಂದ ದೂರದ ಒಂದು ಉದಾಹರಣೆ ತೆಗೆದುಕೊಳ್ಳೋಣ. ಅದು ಕಾರ್ಮಿಕರೇ ಕಟ್ಟಿದ ಒಂದು ದೊಡ್ಡ ಪಕ್ಷದ ಕಥೆ. ಕಾಲು ಶತಮಾನ ಕಳೆದಿರುವುದರಿಂದ ಅದರ ಫಲ ಏನಾಯಿತೆಂಬುದೂ ನಮ್ಮ ಕಣ್ಣ ಮುಂದಿದೆ. ಆ ಮನುಷ್ಯನ ಹೆಸರು ಓಸ್ಕರ್ ಲಾಫೊಂಟೇನ್. ದೇಶ ಜರ್ಮನಿ. ವರ್ಷ 1999.

ಯಾರೀ ಲಾಫೊಂಟೇನ್?

ಲಾಫೊಂಟೇನ್ ಹುಟ್ಟಿದ್ದು 1943ರಲ್ಲಿ, ಫ್ರಾನ್ಸಿನ ಗಡಿಗೆ ಹೊಂದಿಕೊಂಡ ಸಾರ್‌ಲ್ಯಾಂಡ್ ಪ್ರಾಂತದಲ್ಲಿ. ಅದು ಕಲ್ಲಿದ್ದಲ ಗಣಿಗಳ, ಉಕ್ಕಿನ ಕಾರ್ಖಾನೆಗಳ ಸೀಮೆ. ತಂದೆ ರೊಟ್ಟಿ ಸುಡುವ ಕಸುಬಿನವರು. ಮಹಾಯುದ್ಧದಲ್ಲಿ ಅವರು ಸತ್ತಾಗ ಮಗ ಇನ್ನೂ ಎಳೆಯ ಕೂಸು. ತಾಯಿ ಸಾಕಿ ಓದಿಸಿದರು. ಹುಡುಗ ಭೌತಶಾಸ್ತ್ರ ಓದಿದ, 1966ರಲ್ಲಿ ಸೋಶಿಯಲ್ ಡೆಮಾಕ್ರಟಿಕ್ ಪಕ್ಷ ಸೇರಿದ. 1976ರಲ್ಲಿ ಸಾರ್‌ಬ್ರುಕನ್ ಪಟ್ಟಣದ ಮೇಯರ್ ಆದ, 1985ರಲ್ಲಿ ಪ್ರಾಂತದ ಮುಖ್ಯಮಂತ್ರಿಯಾದ.

1990ರಲ್ಲಿ ಪಕ್ಷ ಇವರನ್ನು ಪ್ರಧಾನಿ ಪದವಿಗೆ, ಅಂದರೆ ಅಲ್ಲಿಯ ಚಾನ್ಸೆಲರ್ ಪದವಿಗೆ, ಅಭ್ಯರ್ಥಿಯಾಗಿ ನಿಲ್ಲಿಸಿತು. ಏಪ್ರಿಲ್ 25ರಂದು ಕಲೋನ್ ನಗರದ ಚುನಾವಣಾ ಸಭೆಯಲ್ಲಿ ಬುದ್ಧಿಭ್ರಮಣೆಯಾಗಿದ್ದ ಒಬ್ಬ ಹೆಂಗಸು ಇವರ ಕುತ್ತಿಗೆಗೆ ಚೂರಿ ಹಾಕಿದಳು. ಸಾವಿನ ಬಾಗಿಲಿಗೆ ಹೋಗಿ ಬಂದರು. ಆ ವರ್ಷದ ಚುನಾವಣೆಯಲ್ಲಿ ಪಕ್ಷ ಸೋತಿತು. ಆದರೂ ಈತ ರಾಜಕೀಯ ಬಿಡಲಿಲ್ಲ. 1995ರ ನವೆಂಬರಿನಲ್ಲಿ ಮ್ಯಾನ್‌ಹೈಮ್ ಅಧಿವೇಶನದಲ್ಲಿ ಅಧ್ಯಕ್ಷರಾಗಿದ್ದ ರುಡಾಲ್ಫ್ ಶಾರ್ಪಿಂಗರ ವಿರುದ್ಧವೇ ನಿಂತು 321ಕ್ಕೆ 190 ಮತಗಳಿಂದ ಗೆದ್ದು ಪಕ್ಷದ ಅಧ್ಯಕ್ಷರಾದರು. ಚೂರಿಗೆ ಹೆದರದವನು, ಅಧಿವೇಶನದಲ್ಲಿ ಎದ್ದು ನಿಂತು ಮತ ಕೇಳಿ ಗೆದ್ದವನು. ಇಂಥವನನ್ನು ಹೇಡಿ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

1998ರ ಚುನಾವಣೆ ಬಂತು. ಪ್ರಧಾನಿ ಪದವಿಗೆ ಪಕ್ಷದಲ್ಲಿ ಇಬ್ಬರಿದ್ದರು: ಅಧ್ಯಕ್ಷ ಲಾಫೊಂಟೇನ್ ಮತ್ತು ಲೋಯರ್ ಸ್ಯಾಕ್ಸನಿ ಪ್ರಾಂತದ ಮುಖ್ಯಮಂತ್ರಿ ಗೆರ್ಹಾರ್ಡ್ ಶ್ರೋಡರ್. ಶ್ರೋಡರ್ ಮಾರ್ಚಿನಲ್ಲಿ ತಮ್ಮ ಪ್ರಾಂತದಲ್ಲಿ ಭಾರಿ ಬಹುಮತದಿಂದ ಗೆದ್ದಾಗ ಲಾಫೊಂಟೇನ್ ಅವರಿಗೇ ದಾರಿ ಬಿಟ್ಟರು. ಸೆಪ್ಟೆಂಬರ್ 27ರಂದು ಪಕ್ಷಕ್ಕೆ ಶೇಕಡಾ 40.9 ಮತ ಬಂತು. ಹೆಲ್ಮುಟ್ ಕೋಲರ 16 ವರ್ಷದ ಆಳ್ವಿಕೆ ಮುಗಿಯಿತು. ಶ್ರೋಡರ್ ಪ್ರಧಾನಿಯಾದರು, ಲಾಫೊಂಟೇನ್ ಅರ್ಥಸಚಿವರಾದರು. ಸರಕಾರದ ನಾಯಕ ಒಬ್ಬ, ಪಕ್ಷದ ಅಧ್ಯಕ್ಷ ಇನ್ನೊಬ್ಬ. ಒಂದು ನೊಗಕ್ಕೆ ಎರಡು ಎತ್ತು ಕಟ್ಟಿದ್ದಾಯಿತು. ಎರಡೂ ಬಲವಾದ ಎತ್ತುಗಳೇ. ಆದರೆ ಒಂದು ಎಡಕ್ಕೆ ಎಳೆಯಿತು, ಇನ್ನೊಂದು ಬಲಕ್ಕೆ.

ಜಗಳ ಯಾತಕ್ಕೆ?

ಜರ್ಮನಿಯಲ್ಲಿ ಆಗ 40 ಲಕ್ಷಕ್ಕೂ ಮೀರಿ ನಿರುದ್ಯೋಗಿಗಳಿದ್ದರು. ಇದಕ್ಕೆ ಮದ್ದೇನು ಎಂಬುದೇ ಜಗಳದ ಬೇರು. ಮಾಲೀಕರು ಹೇಳುತ್ತಿದ್ದುದು ನಾವೆಲ್ಲ ಕೇಳಿ ಕೇಳಿ ಸಾಕಾದ ಮಾತು: ಕೂಲಿ ತಗ್ಗಿಸಿ, ನಮ್ಮ ತೆರಿಗೆ ಇಳಿಸಿ, ಕೆಲಸದಿಂದ ತೆಗೆಯುವುದನ್ನು ಸುಲಭ ಮಾಡಿ, ಆಗ ನಾವು ಬಂಡವಾಳ ಹೂಡುತ್ತೇವೆ, ಕೆಲಸ ಹುಟ್ಟುತ್ತದೆ. ಲಾಫೊಂಟೇನ್ ಹೇಳಿದ್ದು ಇದಕ್ಕೆ ತಿರುವುಮುರುವು. ದುಡಿಯುವವನ ಕೈಯಲ್ಲಿ ದುಡ್ಡಿಲ್ಲದಿದ್ದರೆ ಸರಕು ಕೊಳ್ಳುವವರು ಯಾರು? ಸರಕು ಹೋಗದಿದ್ದರೆ ಕಾರ್ಖಾನೆ ನಡೆಯುವುದು ಹೇಗೆ? ಕೂಲಿ ಏರಲಿ, ಬಡವರ ತೆರಿಗೆ ಇಳಿಯಲಿ, ಬ್ಯಾಂಕಿನ ಬಡ್ಡಿ ದರ ಇಳಿಯಲಿ ಎಂದು ಅವರ ವಾದ.

ಇದು ದೊಡ್ಡ ಅರ್ಥಶಾಸ್ತ್ರವೆಂದು ಹೆದರಬೇಕಾಗಿಲ್ಲ. ನಮ್ಮ ಪೇಟೆ ಬೀದಿಯ ಅಂಗಡಿಯವರಿಗೆ ಇದು ಅನುಭವದಿಂದ ಗೊತ್ತು. ಗಿರಣಿಯಲ್ಲಿ ಬೋನಸ್ ಬಟವಾಡೆಯಾದ ವಾರ ಗಲ್ಲಾ ಪೆಟ್ಟಿಗೆ ತುಂಬುತ್ತದೆ. ಪಗಾರ ತಡವಾದ ತಿಂಗಳು ಉದ್ರಿ ಪುಸ್ತಕ ತುಂಬುತ್ತದೆ. ಕಾರ್ಮಿಕನ ಹೊಟ್ಟೆಗೂ ಸಣ್ಣ ವ್ಯಾಪಾರಿಯ ತಕ್ಕಡಿಗೂ ನಂಟಿದೆ ಎಂದು ನಾವು ಹೇಳುವುದು ಇದನ್ನೇ.

ಅಧಿಕಾರಕ್ಕೆ ಬಂದ ಮೊದಲ ತಿಂಗಳುಗಳಲ್ಲಿ ಆ ಸರಕಾರ ಒಳ್ಳೆಯ ಕೆಲಸಗಳನ್ನೇ ಮಾಡಿತು. ಕಾಯಿಲೆ ಬಿದ್ದ ಕಾರ್ಮಿಕನಿಗೆ ಸಿಗುತ್ತಿದ್ದ ಪೂರ್ತಿ ಪಗಾರವನ್ನು ಕೋಲರ ಸರಕಾರ 1996ರಲ್ಲಿ ಶೇಕಡಾ 80ಕ್ಕೆ ಇಳಿಸಿತ್ತು. 1999ರ ಜನವರಿ 1ರಿಂದ ಪೂರ್ತಿ ಪಗಾರ ಮತ್ತೆ ಬಂತು. ಸಣ್ಣ ಕಾರ್ಖಾನೆಗಳ ಕೆಲಸಗಾರರಿಗೆ ತಪ್ಪಿಹೋಗಿದ್ದ ಕೆಲಸದ ಭದ್ರತೆಯೂ ಮತ್ತೆ ಬಂತು. ಮಕ್ಕಳಿರುವ ಕುಟುಂಬಕ್ಕೆ ಮೊದಲ ಎರಡು ಮಕ್ಕಳಿಗೆ ತಲಾ 220 ಮಾರ್ಕ್ ಇದ್ದ ತಿಂಗಳ ಭತ್ಯೆ 250 ಮಾರ್ಕಿಗೆ ಏರಿತು. ಅದೇ ಹೊತ್ತಿಗೆ ದೊಡ್ಡ ಕಂಪನಿಗಳು ತೆರಿಗೆ ತಪ್ಪಿಸಿಕೊಳ್ಳುತ್ತಿದ್ದ ಕಿಂಡಿಗಳನ್ನು ಮುಚ್ಚುವ ಮಸೂದೆಯೂ ಬಂತು.

ಕಿಂಡಿ ಮುಚ್ಚಿದರೆ ಒಳಗಿರುವ ಇಲಿ ಸುಮ್ಮನಿರುತ್ತದೆಯೇ? ವಿದ್ಯುತ್ ಕಂಪನಿಗಳು, ವಿಮಾ ಕಂಪನಿಗಳು ಬೊಬ್ಬೆ ಹಾಕಿದವು. ಬಡ್ಡಿ ಇಳಿಸಿ ಎಂದು ಅರ್ಥಸಚಿವ ಬಾಯಿ ಬಿಟ್ಟು ಕೇಳಿದ್ದಕ್ಕೆ ಬ್ಯಾಂಕುಗಳ ಯಜಮಾನರು ಮುಖ ಸಿಂಡರಿಸಿದರು. ಯೂರೋಪಿನ ದೇಶಗಳೆಲ್ಲ ಕಂಪನಿ ತೆರಿಗೆಯಲ್ಲಿ ಒಂದು ಹೊಂದಾಣಿಕೆಗೆ ಬರಬೇಕು ಎಂದದ್ದಕ್ಕೆ ಲಂಡನ್ನಿನ ಒಂದು ದೊಡ್ಡ ಪತ್ರಿಕೆ 1998ರ ನವೆಂಬರಿನಲ್ಲಿ ಇವರ ಚಿತ್ರವನ್ನು ಮುಖಪುಟದಲ್ಲಿ ಹಾಕಿ, ಯೂರೋಪಿನ ಅತ್ಯಂತ ಅಪಾಯಕಾರಿ ಮನುಷ್ಯ ಈತನೇನೋ ಎಂದು ಕೇಳಿತು. ಮಾಲೀಕರ ಪತ್ರಿಕೆ ಬೈದರೆ ಕಾರ್ಮಿಕ ಪಕ್ಷದವನಿಗೆ ಅದು ಸರ್ಟಿಫಿಕೇಟು. ಆದರೆ ಹೊರಗಿನ ಬೈಗುಳ ತಡೆದುಕೊಳ್ಳಬೇಕಾದರೆ ಮನೆಯೊಳಗಿನವರು ಬೆನ್ನಿಗೆ ನಿಲ್ಲಬೇಕು. ಶ್ರೋಡರ್ ನಿಲ್ಲಲಿಲ್ಲ.

1999ರ ಮಾರ್ಚ್ 10ರಂದು ಸಚಿವ ಸಂಪುಟದ ಸಭೆಯಲ್ಲಿ ಶ್ರೋಡರ್ ಅವರು, ಉದ್ಯಮಪತಿಗಳನ್ನು ಎದುರು ಹಾಕಿಕೊಳ್ಳುವ ರಾಜಕೀಯಕ್ಕೆ ತಾನು ಒಪ್ಪುವುದಿಲ್ಲ ಎಂಬ ಅರ್ಥದ ಎಚ್ಚರಿಕೆ ಕೊಟ್ಟರೆಂದು ಮರುದಿನದ ಪತ್ರಿಕೆಯಲ್ಲಿ ಸುದ್ದಿ ಬಂತು. ಸಂಪುಟದ ನಾಲ್ಕು ಗೋಡೆಯೊಳಗಿನ ಮಾತು ಬೆಳಗಾಗುವುದರೊಳಗೆ ಪತ್ರಿಕೆಗೆ ಹೋಗುತ್ತದೆ ಎಂದರೆ, ಅದರಲ್ಲಿ ಯಾರಿಗೆ ಲಾಭ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮೂರು ರಾಜೀನಾಮೆ

ಮಾರ್ಚ್ 11, ಗುರುವಾರ. ಲಾಫೊಂಟೇನ್ ಅಂದು ಮೂರು ಸ್ಥಾನಗಳಿಗೆ ರಾಜೀನಾಮೆ ಕೊಟ್ಟರು. ಒಂದು, ಅರ್ಥಸಚಿವ ಪದವಿಗೆ. ಎರಡು, ಪಕ್ಷದ ಅಧ್ಯಕ್ಷ ಪದವಿಗೆ. ಮೂರು, ಪಾರ್ಲಿಮೆಂಟಿನ ಸದಸ್ಯತ್ವಕ್ಕೆ. ಪತ್ರಗಳು ಚುಟುಕಾಗಿದ್ದವು, ಕಾರಣ ತಿಳಿಸಿರಲಿಲ್ಲ. ಸರಕಾರ ನಡೆಯುತ್ತಿದ್ದ ಬಾನ್ ಬಿಟ್ಟು ನೇರ ತಮ್ಮ ಊರಿಗೆ ಹೋಗಿ ಮನೆ ಸೇರಿದರು. ಪಕ್ಷದ ಲಕ್ಷಾಂತರ ಸದಸ್ಯರು ತಮ್ಮ ಅಧ್ಯಕ್ಷ ಹೋದ ಸುದ್ದಿಯನ್ನು ರೇಡಿಯೋ, ಟೆಲಿವಿಷನ್‌ನಲ್ಲಿ ಕೇಳಬೇಕಾಯಿತು. ಮೂರು ದಿನದ ಮೇಲೆ ಪುಟ್ಟ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಪತ್ರಿಕೆಯವರಿಗೆ ಮುಖ ತೋರಿಸಿ, ಸರಕಾರದಲ್ಲಿ ಒಗ್ಗಟ್ಟಿನ ಆಟವಿರಲಿಲ್ಲ ಎಂದು ನಾಲ್ಕು ಮಾತಾಡಿದರು. ಅಷ್ಟೇ.

ಇದಕ್ಕೆ ಮೊದಲು ಚಪ್ಪಾಳೆ ತಟ್ಟಿದವರು ಯಾರು? ಶೇರು ಪೇಟೆಯವರು. ಮರುದಿನ, ಮಾರ್ಚ್ 12ರಂದು, ಜರ್ಮನಿಯ ಶೇರು ಸೂಚ್ಯಂಕ ಶೇಕಡಾ 5ಕ್ಕೂ ಹೆಚ್ಚು ನೆಗೆಯಿತು. ಒಬ್ಬ ಕಾರ್ಮಿಕ ಪಕ್ಷದ ಮುಖಂಡ ನಿವೃತ್ತನಾದಾಗ ಬಂಡವಾಳಗಾರರ ಮನೆಯಲ್ಲಿ ಹೋಳಿಗೆ ಮಾಡಿದರೆ, ಆ ನಿವೃತ್ತಿ ಯಾರಿಗೆ ಉಪಕಾರ ಮಾಡಿತು ಎಂದು ನಾವು ಕೇಳಬೇಕು.

ಈಗ ಈ ಮೂರು ರಾಜೀನಾಮೆಗಳನ್ನು ಒಂದೊಂದಾಗಿ ತಕ್ಕಡಿಗೆ ಹಾಕೋಣ. ಮೂರನ್ನೂ ಒಟ್ಟಿಗೆ ತೂಗುವುದರಿಂದಲೇ ನಮ್ಮ ಅಭ್ಯಾಸ ಕೂಟದಲ್ಲಿ ಆದಂತೆ ತ್ಯಾಗ, ಪಲಾಯನ ಎಂಬ ಗೊಂದಲ ಹುಟ್ಟುವುದು.

ಮೊದಲನೆಯದು ಸಚಿವ ಪದವಿ. ಇದನ್ನು ಬಿಟ್ಟದ್ದು ಸರಿ. ಸಚಿವನನ್ನು ಆರಿಸುವವನು ಪ್ರಧಾನಿ. ತಾನು ನಂಬಿದ ನೀತಿಯನ್ನು ನಡೆಸಲು ನಾಯಕ ಬಿಡದಿದ್ದರೆ, ನಂಬದ ನೀತಿಗೆ ಸಹಿ ಹಾಕುತ್ತಾ ಕುರ್ಚಿಗೆ ಅಂಟಿಕೊಂಡಿರುವುದಕ್ಕಿಂತ ಎದ್ದು ಬರುವುದು ಮೇಲು. ಅಷ್ಟರ ಮಟ್ಟಿಗೆ ಕೂಟದ ಮೊದಲನೆಯ ಪಂಗಡದವರ ಮಾತನ್ನು ನಾನು ಒಪ್ಪುತ್ತೇನೆ.

ಎರಡನೆಯದು ಪಕ್ಷದ ಅಧ್ಯಕ್ಷ ಪದವಿ. ಇದನ್ನು ಕೊಟ್ಟವನು ಶ್ರೋಡರ್ ಅಲ್ಲ. ಮ್ಯಾನ್‌ಹೈಮಿನಲ್ಲಿ ಮತ ಕೇಳಿದಾಗ ಪ್ರತಿನಿಧಿಗಳು ಕೊಟ್ಟದ್ದು. ನಾಯಕನ ಜೊತೆ ಜಗಳವಾದರೆ ನಾಯಕ ಕೊಟ್ಟದ್ದನ್ನು ನಾಯಕನಿಗೆ ಹಿಂದಿರುಗಿಸು. ಸದಸ್ಯರು ಕೊಟ್ಟದ್ದನ್ನು ಸದಸ್ಯರಿಗೆ ತಾನೇ ಹಿಂದಿರುಗಿಸಬೇಕು? ಅಧಿವೇಶನ ಕರೆದು, “ಇದು ನನ್ನ ದಾರಿ, ಇದು ಅವರ ದಾರಿ, ನೀವು ಆರಿಸಿ” ಎಂದು ಹೇಳುವ ಅಧಿಕಾರ ಅಧ್ಯಕ್ಷನಿಗಿತ್ತು. ಸೋತಿದ್ದರೆ ಸೋಲಲಿ. ಸೋತ ಮೇಲೂ ಎಷ್ಟು ಜನ ತನ್ನ ಜೊತೆಗಿದ್ದಾರೆ ಎಂಬ ಎಣಿಕೆಯಾದರೂ ಉಳಿಯುತ್ತಿತ್ತು. ಆ ಎಣಿಕೆಯ ಭಯ ನಾಯಕನಿಗೆ ಇರುತ್ತಿತ್ತು. ಎಣಿಕೆಯೇ ಆಗಲಿಲ್ಲ. ಮುಂದಿನ ತಿಂಗಳು, ಏಪ್ರಿಲ್ 12ರಂದು, ಬಾನ್‌ನಲ್ಲಿ ಸೇರಿದ ವಿಶೇಷ ಅಧಿವೇಶನ ಶ್ರೋಡರರನ್ನೇ ಅಧ್ಯಕ್ಷರನ್ನಾಗಿ ಮಾಡಿತು. ಸರಕಾರ, ಪಕ್ಷ ಎರಡರ ಬೀಗದ ಕೈಯೂ ಒಬ್ಬನ ಸೊಂಟಕ್ಕೆ ಬಂತು.

ಮೂರನೆಯದು ಪಾರ್ಲಿಮೆಂಟಿನ ಸ್ಥಾನ. ಇದು ಮತದಾರರು ಕೊಟ್ಟದ್ದು. ಚುನಾವಣೆಯಾಗಿ ಆರು ತಿಂಗಳೂ ತುಂಬಿರಲಿಲ್ಲ. ಸಚಿವನಾಗಿ ಆಡಲಾಗದ ಮಾತನ್ನು ಸದಸ್ಯನಾಗಿ ಹಿಂದಿನ ಬೆಂಚಿನಲ್ಲಿ ಕುಳಿತು ಆಡಬಹುದಿತ್ತು. ಆ ಬೆಂಚನ್ನೂ ಖಾಲಿ ಮಾಡಿದ ಮೇಲೆ ಮಾತಿಗೆ ಜಾಗವೆಲ್ಲಿ?

ಮಾತು ಬಂತು, ಏಳು ತಿಂಗಳ ಮೇಲೆ. 1999ರ ಅಕ್ಟೋಬರಿನಲ್ಲಿ ಲಾಫೊಂಟೇನ್ ಪುಸ್ತಕವೊಂದನ್ನು ಹೊರತಂದು ಎಲ್ಲ ಕಾರಣಗಳನ್ನು ಹೇಳಿದರು. ಆ ಕಾರಣಗಳಲ್ಲಿ ಹುರುಳಿರಲಿಲ್ಲವೆಂದಲ್ಲ. ಆದರೆ ಸಭೆಯಲ್ಲಿ ಹೇಳಬೇಕಾದದ್ದನ್ನು ಪುಸ್ತಕದ ಅಂಗಡಿಯಲ್ಲಿ ಹೇಳಿದಂತಾಯಿತು. ಅಷ್ಟರಲ್ಲಿ ಸೆಪ್ಟೆಂಬರಿನಲ್ಲಿ ಅವರದೇ ಸಾರ್‌ಲ್ಯಾಂಡ್ ಪ್ರಾಂತದ ಸರಕಾರವನ್ನು, 14 ವರ್ಷ ಹಿಡಿದಿದ್ದ ಸರಕಾರವನ್ನು, ಪಕ್ಷ ಕಳೆದುಕೊಂಡಿತ್ತು.

ಒಂದು ಸೋಜಿಗ ಕೇಳಿ. ಬಡ್ಡಿ ಇಳಿಸಬೇಕೆಂದು ಲಾಫೊಂಟೇನ್ ಕೇಳಿದ್ದನ್ನು ಮಹಾಪರಾಧವೆಂಬಂತೆ ಕಂಡಿತಲ್ಲ ಯೂರೋಪಿನ ಕೇಂದ್ರ ಬ್ಯಾಂಕು? ಅದೇ ಬ್ಯಾಂಕು ಅವರು ಮನೆಗೆ ಹೋದ ನಾಲ್ಕು ವಾರಕ್ಕೆ, ಏಪ್ರಿಲ್ 8ರಂದು, ಬಡ್ಡಿಯನ್ನು ಶೇಕಡಾ 3ರಿಂದ 2.5ಕ್ಕೆ ಇಳಿಸಿತು. ನ್ಯಾಯದ ಬೇಡಿಕೆ ಇಟ್ಟವನು ಒಂದು ತಿಂಗಳು ತಾಳಿ ನಿಂತಿದ್ದರೆ ಆ ಗೆಲುವು ಅವನದಾಗುತ್ತಿತ್ತು.

ಆಮೇಲೆ ಏನಾಯಿತು?

ಹೊಸ ಅರ್ಥಸಚಿವ ಬಂದರು. 2001ರಿಂದ ಕಂಪನಿಗಳ ಲಾಭದ ತೆರಿಗೆ ಶೇಕಡಾ 25ಕ್ಕೆ ಇಳಿಯಿತು. ಅದಕ್ಕೆ ಮುಂಚೆ ಹಂಚದೆ ಇಟ್ಟುಕೊಂಡ ಲಾಭಕ್ಕೆ ಶೇಕಡಾ 40 ಇತ್ತು. ಶ್ರೀಮಂತರ ಆದಾಯದ ಮೇಲಿನ ಅತಿ ಹೆಚ್ಚಿನ ತೆರಿಗೆ 1998ರಲ್ಲಿ ಶೇಕಡಾ 53 ಇದ್ದದ್ದು 2005ಕ್ಕೆ 42 ಆಯಿತು. 2003ರ ಮಾರ್ಚ್ 14ರಂದು ಶ್ರೋಡರ್ ತಮ್ಮ ‘ಅಜೆಂಡಾ 2010’ ಎಂಬ ಕಾರ್ಯಕ್ರಮವನ್ನು ಪಾರ್ಲಿಮೆಂಟಿನಲ್ಲಿ ಸಾರಿದರು. ಅದರ ಕೈಗೂಸೇ ‘ಹಾರ್ಟ್ಸ್ ನಾಲ್ಕು’ ಎಂದು ಜನರ ಬಾಯಲ್ಲಿ ಹೆಸರಾದ ಕಾನೂನು. 2005ರ ಜನವರಿ 1ರಿಂದ, ಬಹುಕಾಲ ಕೆಲಸವಿಲ್ಲದೆ ಇದ್ದವನಿಗೆ ಅವನ ಹಿಂದಿನ ಪಗಾರದ ಲೆಕ್ಕದಲ್ಲಿ ಸಿಗುತ್ತಿದ್ದ ನೆರವು ನಿಂತಿತು. ಮೂವತ್ತು ವರ್ಷ ದುಡಿದವನಿಗೂ ಎಂದೂ ದುಡಿಯದವನಿಗೂ ಒಂದೇ ಅಳತೆ: ಒಂಟಿ ಮನುಷ್ಯನಿಗೆ ಪಶ್ಚಿಮ ಭಾಗದಲ್ಲಿ ತಿಂಗಳಿಗೆ 345 ಯೂರೋ, ಪೂರ್ವ ಭಾಗದಲ್ಲಿ 331 ಯೂರೋ, ಮೇಲೆ ಮನೆ ಬಾಡಿಗೆ. ಅದಕ್ಕೂ ಮುಂಚೆ ಕೂಡಿಟ್ಟ ಉಳಿತಾಯದ ತನಿಖೆ.

ಇದನ್ನೆಲ್ಲ ತಂದದ್ದು ಮಾಲೀಕರ ಪಕ್ಷವಲ್ಲ, ಕಾರ್ಮಿಕರೇ ಬೆವರು ಸುರಿಸಿ ಕಟ್ಟಿದ ಪಕ್ಷ. ಲಾಫೊಂಟೇನ್ ಅಧ್ಯಕ್ಷರಾಗಿ ಉಳಿದಿದ್ದರೆ ಹೀಗಾಗುತ್ತಿರಲೇ ಇಲ್ಲ ಎಂದು ನಾನು ಆಣೆ ಇಟ್ಟು ಹೇಳಲಾರೆ. ಆದರೆ ಇದನ್ನು ಒಪ್ಪದ ಸಾವಿರಾರು ಸದಸ್ಯರಿಗೆ ಒಬ್ಬ ಧುರೀಣನಿರುತ್ತಿದ್ದ, ಒಂದು ವೇದಿಕೆ ಇರುತ್ತಿತ್ತು ಎಂದು ಹೇಳಬಲ್ಲೆ. ಅದಿಲ್ಲದ ಕಾರಣ ಒಪ್ಪದವರು ಒಬ್ಬೊಬ್ಬರಾಗಿ ಪಕ್ಷದ ಕಾರ್ಡು ಹಿಂದಿರುಗಿಸಿ ಮನೆಗೆ ಹೋದರು. ಮುಖಂಡ ಹಾಕಿಕೊಟ್ಟ ದಾರಿಯಲ್ಲಿ ಅನುಯಾಯಿಗಳೂ ನಡೆದರು, ಅಷ್ಟೇ. 2005ರ ಮೇ 22ರಂದು, 39 ವರ್ಷ ಒಂದೇ ಸಮನೆ ಆಳಿದ್ದ ಗಣಿ ಕಾರ್ಮಿಕರ ನಾಡು ನಾರ್ತ್ ರೈನ್ ವೆಸ್ಟ್‌ಫಾಲಿಯಾ ಪ್ರಾಂತವನ್ನೂ ಪಕ್ಷ ಕಳೆದುಕೊಂಡಿತು.

ಆ ವಾರವೇ ಲಾಫೊಂಟೇನ್ ಪಕ್ಷ ಬಿಡುವುದಾಗಿ ಹೇಳಿ, ಎಡಪಂಥದ ಇನ್ನೊಂದು ಕೂಟದ ಮುಂದಾಳಾಗಿ ಚುನಾವಣೆಗೆ ಇಳಿದರು. ನಿವೃತ್ತಿ ಆರು ವರ್ಷಕ್ಕೆ ಮುಗಿಯಿತು. 2007ರಲ್ಲಿ ಹುಟ್ಟಿದ ‘ಎಡಪಕ್ಷ’ಕ್ಕೆ ಇಬ್ಬರು ಅಧ್ಯಕ್ಷರಲ್ಲಿ ಇವರೊಬ್ಬರು. 2009ರ ಚುನಾವಣೆಯಲ್ಲಿ ಆ ಪಕ್ಷ ಶೇಕಡಾ 11.9 ಮತ ಪಡೆಯಿತು. ಹಳೆಯ ಪಕ್ಷ ಶೇಕಡಾ 23ಕ್ಕೆ ಕುಸಿಯಿತು. ಅಂದರೆ ಅವರ ಮಾತಿಗೆ ಕಿವಿಗೊಡುವ ಜನ ಇದ್ದೇ ಇದ್ದರು! 1999ರಲ್ಲೇ ಮನೆಯೊಳಗೆ ಅವರನ್ನು ಕೂಗಿ ಕರೆದಿದ್ದರೆ ಮನೆ ಎರಡಾಗಬೇಕಿತ್ತೇ? 2021ರಲ್ಲಿ ಹಳೆಯ ಪಕ್ಷ ಒಮ್ಮೆ ಚೇತರಿಸಿಕೊಂಡಿತು, 2025ರಲ್ಲಿ ಮತ್ತೆ ಶೇಕಡಾ 16.4ಕ್ಕೆ ಇಳಿಯಿತು. ಲಾಫೊಂಟೇನ್ 2022ರಲ್ಲಿ ಎಡಪಕ್ಷವನ್ನೂ ಬಿಟ್ಟರು. ಬಿಟ್ಟು ಹೋಗುವುದೂ ಒಂದು ಅಭ್ಯಾಸ. ಒಮ್ಮೆ ಬಿದ್ದರೆ ಸುಲಭಕ್ಕೆ ಹೋಗುವುದಿಲ್ಲ.

ಬೇರೆ ದಾರಿ ಇರಲಿಲ್ಲವೇ?

ಇತ್ತು. ಬ್ರಿಟನ್ನಿನ ಲೇಬರ್ ಪಕ್ಷದ ಅನೈರಿನ್ ಬೆವನ್ ಅದನ್ನು ಬಹಳ ಹಿಂದೆಯೇ ತೋರಿಸಿದ್ದರು. ಬೆವನ್ ವೇಲ್ಸಿನ ಗಣಿ ಕಾರ್ಮಿಕನ ಮಗ, ತಾನೂ ಹುಡುಗನಾಗಿ ಗಣಿಗಿಳಿದವರು. 1948ರ ಜುಲೈ 5ರಂದು ಆರಂಭವಾದ ಎಲ್ಲರಿಗೂ ಪುಕ್ಕಟೆ ವೈದ್ಯದ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಕಟ್ಟಿದವರೇ ಅವರು. 1951ರ ಏಪ್ರಿಲಿನಲ್ಲಿ ಅರ್ಥಸಚಿವ ಗೇಟ್ಸ್‌ಕೆಲ್ ಯುದ್ಧ ಸಾಮಗ್ರಿಯ ಖರ್ಚು ಹೊಂದಿಸಲು ಕೃತಕ ಹಲ್ಲಿಗೂ ಕನ್ನಡಕಕ್ಕೂ ಶುಲ್ಕ ಹಾಕಿದರು. ಪ್ರಧಾನಿ ಅಟ್ಲಿ ಗೇಟ್ಸ್‌ಕೆಲರ ಪರ ನಿಂತರು. ಬೆವನ್ ಸಚಿವ ಪದವಿ ಬಿಟ್ಟರು. ಆದರೆ ಅದನ್ನು ಮಾತ್ರ ಬಿಟ್ಟರು! ಮರುದಿನವೇ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಯಾಕೆ ಬಿಟ್ಟೆನೆಂದು ಹೇಳಿದರು. ಪಕ್ಷ ಬಿಡಲಿಲ್ಲ, ತಮ್ಮ ಕ್ಷೇತ್ರ ಬಿಡಲಿಲ್ಲ. ವರ್ಷಗಟ್ಟಲೆ ನಾಯಕರ ಜೊತೆ ಹೊಡೆದಾಡಿದರು. 1955ರಲ್ಲಿ ಪಕ್ಷದಿಂದ ಉಚ್ಚಾಟನೆಯಾಗುವ ಹಂತ ಮುಟ್ಟಿ ಕೂದಲೆಳೆಯಲ್ಲಿ ಉಳಿದರು. 1959ರಲ್ಲಿ ಅದೇ ಪಕ್ಷದ ಉಪನಾಯಕರಾದರು. 1960ರಲ್ಲಿ ಸಾಯುವಾಗಲೂ ಅವರು ತಮ್ಮ ಗಣಿಗಾರರ ಪ್ರತಿನಿಧಿಯೇ.

ಬೆವನ್ ಜಗಳದಿಂದ ಲೇಬರ್ ಪಕ್ಷಕ್ಕೆ ನಷ್ಟವಾಗಲಿಲ್ಲವೇ ಎಂದು ಕೇಳಬಹುದು. ಆಯಿತು. 1951ರ ಅಕ್ಟೋಬರಿನಲ್ಲಿ ಪಕ್ಷ ಚುನಾವಣೆಯನ್ನೇ ಸೋತಿತು. ಆದರೆ ಜಗಳ ಜನರ ಮುಂದೆ ನಡೆಯಿತು, ಯಾವುದಕ್ಕೆ ಜಗಳವೆಂದು ಎಲ್ಲರಿಗೂ ಗೊತ್ತಿತ್ತು. ಪಕ್ಷ ಎರಡು ಹೋಳಾಗಲಿಲ್ಲ.

ನಮ್ಮ ಓದುಗರಿಗೆ ಇಲ್ಲಿ ಜಯಪ್ರಕಾಶ ನಾರಾಯಣರ ನೆನಪು ಬರುವುದು ಸಹಜ. ಅವರೂ ಬಿಟ್ಟು ಹೋದವರಲ್ಲವೇ? ಹೌದು. 1954ರಲ್ಲಿ ಬೋಧಗಯೆಯಲ್ಲಿ ಭೂದಾನಕ್ಕೆ ಜೀವನದಾನ ಮಾಡಿದರು, 1957ರಲ್ಲಿ ಪ್ರಜಾ ಸಮಾಜವಾದಿ ಪಕ್ಷದ ಸದಸ್ಯತ್ವವನ್ನೂ ಬಿಟ್ಟರು. ಅವರ ನಿರ್ಧಾರ ಸರಿಯೋ ತಪ್ಪೋ ಎಂದು ಹಳೆಯ ಸಂಗಾತಿಗಳು ಚರ್ಚಿಸುತ್ತಲೇ ಬಂದಿದ್ದಾರೆ. ಆದರೆ ಒಂದನ್ನು ಗಮನಿಸಬೇಕು. ಬಿಡುವಾಗ ಅವರು ಸಂಗಾತಿಗಳಿಗೆ ದೀರ್ಘ ಪತ್ರ ಬರೆದು, ಮಾರ್ಕ್ಸ್‌ವಾದದಿಂದ ಸಮಾಜವಾದಕ್ಕೆ, ಅಲ್ಲಿಂದ ಸರ್ವೋದಯಕ್ಕೆ ತಾನು ಹೇಗೆ ಬಂದೆ ಎಂದು ಹೆಜ್ಜೆ ಹೆಜ್ಜೆಯಾಗಿ ವಿವರಿಸಿದರು. ಲೆಕ್ಕ ಒಪ್ಪಿಸಿ ಹೋದರು. ಆದ್ದರಿಂದಲೇ 1974ರಲ್ಲಿ ಬಿಹಾರದ ವಿದ್ಯಾರ್ಥಿಗಳು ಕರೆದಾಗ ಅವರು ಮತ್ತೆ ಬೀದಿಗೆ ಬರಬಹುದಾಯಿತು, ಜನ ನಂಬಬಹುದಾಯಿತು.

ನನ್ನದೂ ಒಂದು ಕಥೆ

ಇದನ್ನೆಲ್ಲ ಬರೆಯುತ್ತಿರುವವನು ಪಾಪವಿಲ್ಲದವನೇನಲ್ಲ. ಶಾಲೆಯ ಕೆಲಸ ಬಿಟ್ಟು ಪಕ್ಷದ ಕೆಲಸಕ್ಕೆ ಬಂದ ಎರಡನೆಯ ವರ್ಷ ನಾನೂ ಒಂದು ರಾಜೀನಾಮೆ ಬರೆದಿದ್ದೆ. ಶಾಖೆಯ ಹಿರಿಯರೊಬ್ಬರಿಗೂ ನನಗೂ ಒಂದು ಮುಷ್ಕರದ ವಿಷಯದಲ್ಲಿ ಮಾತಿಗೆ ಮಾತು ಬೆಳೆದಿತ್ತು. ಸಭೆಯಲ್ಲಿ ನನ್ನ ಮಾತಿಗೆ ಬೆಲೆ ಬರಲಿಲ್ಲ ಎಂದು ಮುನಿಸಿಕೊಂಡು, ರಾತ್ರಿ ಎರಡು ಸಾಲು ಬರೆದು, ಬೆಳಿಗ್ಗೆ ಕಚೇರಿಯ ಮೇಜಿನ ಮೇಲೆ ಇಟ್ಟು ಬಂದೆ. ಆ ರಾತ್ರಿ ನನ್ನ ಕಣ್ಣಿಗೆ ನಾನು ದೊಡ್ಡ ತ್ಯಾಗಿಯಾಗಿ ಕಂಡಿದ್ದೆ.

ಸಂಜೆ ಪಾಳಿ ಮುಗಿಸಿದ ಹಿರಿಯ ಕಾರ್ಮಿಕರೊಬ್ಬರು ಮನೆಗೆ ಬಂದರು. ಬೈಯಲಿಲ್ಲ. ಚಹ ಕುಡಿದು ಕೇಳಿದರು: “ಮೇಷ್ಟ್ರೇ, ನೀವು ಬಿಟ್ಟರೆ ಬಿಡಿ, ನಿಮ್ಮಿಷ್ಟ. ಚಂದಾ ರಶೀದಿ ಪುಸ್ತಕ ಯಾರ ಕೈಗೆ ಕೊಟ್ಟಿರಿ? ನಾವು ಅರವತ್ತು ಜನ ನಿಮ್ಮ ಮುಖ ನೋಡಿ ರಶೀದಿ ಹರಿಸಿದ್ದೇವೆ. ನಾಳೆ ಗೇಟಿನಲ್ಲಿ ಮೇಷ್ಟ್ರು ಯಾಕೆ ಬಿಟ್ಟರು ಅಂತ ಕೇಳಿದರೆ ನಾವು ಏನು ಹೇಳಬೇಕು?”

ನನಗೆ ಉತ್ತರ ಬರಲಿಲ್ಲ. ಪತ್ರ ಬರೆಯುವಾಗ ಆ ಹಿರಿಯರ ಮುಖ ನನ್ನ ಕಣ್ಣ ಮುಂದಿತ್ತೇ ಹೊರತು, ಈ ಅರವತ್ತು ಜನರ ಮುಖ ಇರಲಿಲ್ಲ. ಮುಂದಿನ ಸಭೆಯಲ್ಲಿ ಪತ್ರ ಹಿಂದಕ್ಕೆ ತೆಗೆದುಕೊಂಡು, ನನ್ನ ತಕರಾರನ್ನು ಎಲ್ಲರ ಮುಂದೆ ಹೇಳಿದೆ. ಮತಕ್ಕೆ ಹಾಕಿದರು, ಸೋತೆ. ಸೋತು ಉಳಿದೆ. ಅಂದು ಸೋತದ್ದರಿಂದ ನನಗೆ ಆದ ನಷ್ಟ ಏನೂ ಇಲ್ಲ.

ಲಾಫೊಂಟೇನರಿಗೂ ನನಗೂ ಹೋಲಿಕೆ ಮಾಡಲು ನಾನು ಮೂಢನಲ್ಲ. ಅವರ ಹೊರೆ ದೊಡ್ಡದು, ಅವರು ತಿಂದ ಪೆಟ್ಟು ದೊಡ್ಡದು. ಚೂರಿ ತಿಂದ ಮನುಷ್ಯ ಮಗನ ಜೊತೆ ನಾಲ್ಕು ದಿನ ಆಡಬೇಕೆಂದು ಬಯಸಿದರೆ ಅದು ಅಪರಾಧವಲ್ಲ. ದಣಿದವನಿಗೆ ವಿಶ್ರಾಂತಿಯ ಹಕ್ಕಿದೆ. ಕಾರ್ಮಿಕರಾದ ನಮಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಆದರೆ ಪಾಳಿ ಬಿಡುವವನು ಮುಂದಿನ ಪಾಳಿಯವನಿಗೆ ಯಂತ್ರ ಒಪ್ಪಿಸಿಯೇ ಬಿಡಬೇಕು. ನಡೆಯುತ್ತಿರುವ ಮಗ್ಗವನ್ನು ಹಾಗೇ ಬಿಟ್ಟು ಗೇಟು ದಾಟುವಂತಿಲ್ಲ.

ತಪ್ಪು ಒಬ್ಬರದೇ ಅಲ್ಲ. ಒಪ್ಪದವನನ್ನು ಮೂಲೆಗೆ ತಳ್ಳಿ, ಪತ್ರಿಕೆಗಳ ಮೂಲಕ ಪೆಟ್ಟು ಕೊಡಿಸುವ ನಾಯಕನ ತಪ್ಪು ಇನ್ನೂ ದೊಡ್ಡದು. ಗೆದ್ದ ನಾಯಕನಿಗೆ ಎದುರಾಡುವವನು ಹೋದರೆ ಹಾಯೆನಿಸುತ್ತದೆ. ಆದರೆ ಅವನ ಸರಕಾರವೂ 2005ರಲ್ಲಿ ಮುಗಿಯಿತು. ಎದುರು ಮಾತಿಲ್ಲದ ಮನೆಯಲ್ಲಿ ನಾಯಕನ ತಪ್ಪನ್ನು ತಿದ್ದುವವರು ಇರುವುದಿಲ್ಲ.

ಆದ್ದರಿಂದ ಗೆಳೆಯರೇ, ನಮ್ಮ ಪಕ್ಷಕ್ಕೂ, ನಮ್ಮ ಸಂಘಕ್ಕೂ ನಾನು ಮೂರು ಸೂಚನೆ ಇಡುತ್ತೇನೆ. ಒಂದು: ಯಾವ ಪದಾಧಿಕಾರಿಯ ರಾಜೀನಾಮೆಯೂ ಕಾರಣ ಬರೆಯದೆ ಇದ್ದರೆ ಸ್ವೀಕಾರವಾಗಬಾರದು. ಎರಡು: ಆ ಕಾರಣವನ್ನು ಅವನನ್ನು ಆರಿಸಿದ ಸಭೆಯಲ್ಲೇ ಓದಬೇಕು, ಅವನೂ ಅಲ್ಲಿ ಕುಳಿತಿರಬೇಕು, ನಾಯಕನೂ ಕುಳಿತಿರಬೇಕು. ಮೂರು: ಆಮೇಲೂ ಹೋಗುತ್ತೇನೆಂದರೆ ಗೌರವದಿಂದ ಕಳಿಸಿಕೊಡಬೇಕು, ಬೆನ್ನ ಹಿಂದೆ ಹೆಸರು ಕೆಡಿಸಬಾರದು. ಅವನೂ ಸದಸ್ಯನಾಗಿ ಹಿಂದಿನ ಸಾಲಿನಲ್ಲಿ ಕೂರುವುದಕ್ಕೆ ನಾಚಬಾರದು.

ಪ್ರಶ್ನೆ ಕೇಳಿದ ಯುವಕನಿಗೆ ನನ್ನ ಉತ್ತರ ಇಷ್ಟು. ಕುರ್ಚಿ ಬಿಡುವುದು ತ್ಯಾಗವಾಗಬಹುದು. ಕುರ್ಚಿ ಕೊಟ್ಟ ಜನರನ್ನು ಬಿಡುವುದು ತ್ಯಾಗವಲ್ಲ. ಮುಂದಿನ ಭಾನುವಾರದ ಕೂಟದಲ್ಲಿ ಈ ಮೂರು ಸೂಚನೆಗಳ ಮೇಲೆ ಚರ್ಚೆ ಇದೆ. ಒಪ್ಪದವರು ತಪ್ಪದೆ ಬನ್ನಿ. ಒಪ್ಪದವರೇ ಮುಖ್ಯವಾಗಿ ಬರಬೇಕು.